ಕಂಡದ್ದನ್ನೇ ಬರೆಯುವ ಅಭ್ಯಾಸ: ಈರುಳ್ಳಿ ಪೊರೆಯ ಪ್ರಯೋಗ ಪಾಠ

ಹಿನ್ನೆಲೆ

9ನೇ ತರಗತಿಯ ಜೀವಕೋಶದ ಪಾಠದಲ್ಲಿ ಈರುಳ್ಳಿ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಚಟುವಟಿಕೆ ಇದೆ. ಬೋಧನಾಭ್ಯಾಸದ ಶಾಲೆಯಲ್ಲಿ ಪಾಠಯೋಜನೆ ಬರೆಯುವ ಮೊದಲು ಹಿಂದಿನ ವರ್ಷದ ಕೆಲವು ಪ್ರಯೋಗ ದಾಖಲೆ ಪುಸ್ತಕಗಳನ್ನು ನೋಡಿದೆ. ಚಿತ್ರಗಳು ಅಂದವಾಗಿದ್ದವು, ಆದರೆ ಎಲ್ಲವೂ ಒಂದೇ ತೆರನಾಗಿದ್ದವು. ಎಲ್ಲದರಲ್ಲೂ ಮೈಟೋಕಾಂಡ್ರಿಯ, ಕೆಲವದರಲ್ಲಿ ಕ್ಲೋರೋಪ್ಲಾಸ್ಟ್ ಕೂಡ ಗುರುತಿಸಿತ್ತು. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಈ ಪೊರೆಯ ಮೈಟೋಕಾಂಡ್ರಿಯ ಕಾಣುವುದಿಲ್ಲ. ಬೆಳಕು ಬೀಳದ ಗೆಡ್ಡೆಯ ಒಳಪದರದಲ್ಲಿ ಕ್ಲೋರೋಪ್ಲಾಸ್ಟ್ ಇರುವುದೇ ಇಲ್ಲ. ಮಕ್ಕಳು ಮಸೂರದೊಳಗೆ ನೋಡಿದ್ದನ್ನಲ್ಲ, ಪುಸ್ತಕದಲ್ಲಿದ್ದ ಮಾದರಿ ಕೋಶವನ್ನು ಬರೆದಿದ್ದರು.

ಆದ್ದರಿಂದ ಎರಡು ಅವಧಿಗಳ ಈ ಪಾಠಕ್ಕೆ ಮೂರು ಉದ್ದೇಶಗಳನ್ನು ಇಟ್ಟುಕೊಂಡೆ: ತಾತ್ಕಾಲಿಕ ಸ್ಲೈಡ್ ತಯಾರಿಸುವುದು, ಕಂಡದ್ದನ್ನಷ್ಟೇ ಬರೆಯುವುದು, ಕಂಡದ್ದರ ಅಳತೆ ಅಂದಾಜಿಸುವುದು.

ಮೊದಲ ಅವಧಿ: ಉಪಕರಣದ ಪರಿಚಯ

ಭಾಗಗಳ ಹೆಸರು ಬಾಯಿಪಾಠ ಮಾಡಿಸಲಿಲ್ಲ. ದಿನಪತ್ರಿಕೆಯಿಂದ ‘ಕ’ ಅಕ್ಷರವೊಂದನ್ನು ಕತ್ತರಿಸಿ ಸ್ಲೈಡಿನ ಮೇಲೆ ಇಟ್ಟು, 10ರ ವಸ್ತುಕ ಮಸೂರದಲ್ಲಿ ತೋರಿಸಿದೆ. ಅಕ್ಷರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಂಡಿತು. ಸ್ಲೈಡನ್ನು ಬಲಕ್ಕೆ ಸರಿಸಿದರೆ ಬಿಂಬ ಎಡಕ್ಕೆ ಓಡಿತು. ಸ್ಲೈಡನ್ನು ಯಾವ ಕಡೆ ಸರಿಸಬೇಕು ಎಂಬ ಗೊಂದಲ ಇದರಿಂದ ಮೊದಲೇ ಕಳೆಯಿತು.

ನಂತರ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಅದೇ ಮಸೂರದ ಕೆಳಗೆ ಇಟ್ಟೆವು. ಕಾಣುವ ಬೆಳಕಿನ ವೃತ್ತದ ವ್ಯಾಸ ಸುಮಾರು 1.8 ಮಿ.ಮೀ., ಅಂದರೆ 1800 ಮೈಕ್ರೋಮೀಟರ್ ಇತ್ತು. ಇದನ್ನು ಎಲ್ಲರೂ ಬರೆದುಕೊಂಡರು. ಸ್ಕೇಲು ಇಟ್ಟಾಗ 40ರ ಮಸೂರವನ್ನು ತಿರುಗಿಸಬಾರದು. ಅದು ಸ್ಲೈಡಿಗೆ ತೀರಾ ಹತ್ತಿರ ಬರುವುದರಿಂದ ಸ್ಕೇಲಿಗೆ ತಗುಲಿ ಗೀಚುತ್ತದೆ.

ಎರಡನೇ ಅವಧಿ: ಸ್ಲೈಡ್ ಮತ್ತು ಚಿತ್ರ

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದೆ. ಈರುಳ್ಳಿಯ ತಿರುಳಿನ ಪದರವೊಂದನ್ನು ಮುರಿದು, ಅದರ ಒಳಬದಿಯ ತೆಳುಪೊರೆಯನ್ನು ಚಿಮುಟದಿಂದ ಎಳೆದು ತಕ್ಷಣ ನೀರಿಗೆ ಹಾಕಿದರು. ಗಾಳಿಯಲ್ಲಿ ಬಿಟ್ಟರೆ ಪೊರೆ ಒಣಗಿ ಸುರುಳಿಯಾಗುತ್ತದೆ. ಒಂದು ಹನಿ ಸಫ್ರಾನಿನ್ ಹಾಕಿ, ಹೆಚ್ಚಾದ ಬಣ್ಣ ತೊಳೆದು, ಸ್ಲೈಡಿನ ಮೇಲಿನ ನೀರಿನ ಹನಿಯಲ್ಲಿ ಪೊರೆ ಹರಡಿದರು. ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ತಾಗಿಸಿ, ಇನ್ನೊಂದನ್ನು ಸೂಜಿಯಿಂದ ನಿಧಾನವಾಗಿ ಇಳಿಸಿದರು. ಆದರೂ ಕೆಲವು ಸ್ಲೈಡುಗಳಲ್ಲಿ ದಪ್ಪ ಕಪ್ಪು ಅಂಚಿನ ದುಂಡು ಗುಳ್ಳೆಗಳು ಕಂಡವು. “ಇದೇ ಕೋಶ” ಎಂದು ಒಂದು ಗುಂಪು ಹೇಳಿತು. ಕವರ್ ಸ್ಲಿಪ್ಪನ್ನು ಸೂಜಿಯಿಂದ ಮೆಲ್ಲಗೆ ಒತ್ತಿ ನೋಡಲು ಹೇಳಿದೆ. ಗುಳ್ಳೆ ಆಕಾರ ಬದಲಿಸಿತು, ಇಟ್ಟಿಗೆ ಗೋಡೆಯಂತೆ ಜೋಡಿಸಿದ ಕೋಶಗಳು ಹಾಗೇ ಇದ್ದವು. ಉತ್ತರ ಅವರಿಗೇ ಸಿಕ್ಕಿತು.

ಚಿತ್ರ ಬರೆಯುವಾಗ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ನಂಗೆ ಕೋಶಕೇಂದ್ರ ಕಾಣಿಸ್ಲಿಲ್ಲ. ಪುಸ್ತಕದಲ್ಲಿ ಇದೆ, ಹಾಕ್ಲಾ?”

“ಕಂಡಿದ್ದು ಮಾತ್ರ ಹಾಕಮ್ಮ. ಕಾಣದೇ ಇದ್ದದ್ದಕ್ಕೆ ‘ಕಾಣಲಿಲ್ಲ’ ಅಂತ ಬರಿ. ಅದಕ್ಕೂ ಅಂಕ ಇದೆ” ಎಂದೆ.

ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಇನ್ನಿಬ್ಬರು ತಮಗೂ ಕಂಡಿಲ್ಲ ಎಂದರು. ಆಗ ಕಾರಣ ಹುಡುಕಿದೆವು. ಬೆಳಕು ಹೆಚ್ಚಾಗಿ ಪೊರೆ ಮಸುಕಾಗಿತ್ತು. ಡಯಾಫ್ರಮ್ ಕಿರಿದು ಮಾಡಿದಾಗ ಕೋಶದ ಅಂಚಿಗೆ ಒತ್ತಿಕೊಂಡಂತೆ ಗುಂಡಗಿನ ಕೋಶಕೇಂದ್ರ ಕಾಣಿಸಿತು. ಮೊದಲೇ ಪುಸ್ತಕ ನೋಡಿ ನಡುವೆ ಒಂದು ಚುಕ್ಕೆ ಇಟ್ಟಿದ್ದರೆ ಈ ಹುಡುಕಾಟ ನಡೆಯುತ್ತಲೇ ಇರಲಿಲ್ಲ. ಕೋಶಕೇಂದ್ರ ಅಂಚಿನಲ್ಲಿ ಏಕಿದೆ ಎಂದು ಆ ಹುಡುಗಿಯೇ ಮುಂದೆ ಕೇಳಿದಳು. ದೊಡ್ಡ ರಸದಾನಿ ನಡುವಿನ ಜಾಗ ತುಂಬಿರುತ್ತದೆ ಎಂಬ ವಿವರಣೆಗೆ ಅಲ್ಲಿಂದಲೇ ದಾರಿಯಾಯಿತು.

ಅಳತೆ

ವೃತ್ತದ ಒಂದು ಬದಿಯಿಂದ ಇನ್ನೊಂದು ಬದಿಗೆ ಉದ್ದುದ್ದವಾಗಿ ಎಷ್ಟು ಕೋಶಗಳಿವೆ ಎಂದು ಎಣಿಸಿದರು. ಒಂದು ಗುಂಪಿಗೆ 6 ಸಿಕ್ಕವು. 1800 ಅನ್ನು 6ರಿಂದ ಭಾಗಿಸಿದರೆ ಒಂದು ಕೋಶದ ಉದ್ದ ಸುಮಾರು 300 ಮೈಕ್ರೋಮೀಟರ್. 40ರ ಮಸೂರಕ್ಕೆ ತಿರುಗಿಸುವ ಮೊದಲು, “ಈಗ ಎಷ್ಟು ಕೋಶ ಕಾಣಬೇಕು?” ಎಂದು ಕೇಳಿದೆ. ವರ್ಧನೆ ನಾಲ್ಕು ಪಟ್ಟಾದರೆ ವೃತ್ತದ ವ್ಯಾಸ ನಾಲ್ಕನೇ ಒಂದು ಭಾಗ, 450 ಮೈಕ್ರೋಮೀಟರ್ ಆಗುತ್ತದೆ. ಲೆಕ್ಕದ ಪ್ರಕಾರ ಒಂದೂವರೆ ಕೋಶ. ನೋಡಿದಾಗ ಹೆಚ್ಚುಕಡಿಮೆ ಅಷ್ಟೇ ಇತ್ತು.

ಮೌಲ್ಯಮಾಪನ

10 ಅಂಕಗಳನ್ನು ಹೀಗೆ ಹಂಚಿದೆ: ಸ್ಲೈಡ್ 3, ನಾಭೀಕರಣ 2, ಕಂಡಂತೆ ಬರೆದ ಚಿತ್ರ 3, ಅಳತೆ 2. ಚಿತ್ರದ ಅಂದಕ್ಕೆ ಬೇರೆ ಅಂಕ ಇಡಲಿಲ್ಲ. ಈ ಸಲದ ಚಿತ್ರಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ. ಮಡಚಿದ ಪೊರೆ, ಗುಳ್ಳೆ, ಹರಿದ ಕೋಶ ಎಲ್ಲವೂ ಅವುಗಳಲ್ಲಿದ್ದವು.

1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೆಳುಪದರ ನೋಡಿ ಬರೆದದ್ದು ಬರಿದಾದ ಕೋಣೆಗಳನ್ನು. ಕೋಶಕೇಂದ್ರವನ್ನು ಅವರು ಬರೆಯಲಿಲ್ಲ, ಆ ಸತ್ತ ಕೋಶಗಳಲ್ಲಿ ಅದು ಇರಲೂ ಇಲ್ಲ. ಕಂಡಷ್ಟನ್ನೇ ಬರೆದ ಆ ಚಿತ್ರದಿಂದಲೇ ‘ಸೆಲ್’ ಎಂಬ ಹೆಸರು ಬಂತು. ಈ ಪಾಠ ಮಾಡಲಿರುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟು: ಮಕ್ಕಳು ಚಿತ್ರ ಬರೆದು ಮುಗಿಸುವವರೆಗೆ ಪಠ್ಯಪುಸ್ತಕ ಮುಚ್ಚಿರಲಿ, ‘ಕಾಣಲಿಲ್ಲ’ ಎಂದು ಬರೆಯಲು ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬಿಡಿಸಿ.