ಸನ್‌ರೂಫ್ ನಿಂತಿತೆಂದು ಮೋಟಾರ್ ಬದಲಿಸಬೇಡಿ

ಬ್ಯಾಟರಿ ಬದಲಿಸಿದ ಮೇಲೆ ಸನ್‌ರೂಫ್ ಮುಚ್ಚಲು ಹೋದರೆ ನಾಲ್ಕು ಬೆರಳಷ್ಟು ಸರಿದು ಮತ್ತೆ ತೆರೆದುಕೊಳ್ಳುತ್ತದೆ, ಮೋಟಾರ್ ಸುಟ್ಟಿದೆ ಎನ್ನುತ್ತಾರೆ ಎಂದು ಚನ್ನಪಟ್ಟಣದಿಂದ ಬರೆದಿದ್ದೀರಿ. ನಿಮ್ಮ ವಿವರಣೆಯೇ ಆ ಮಾತನ್ನು ಅಲ್ಲಗಳೆಯುತ್ತದೆ. ಸುಟ್ಟ ಮೋಟಾರ್ ಗಾಜನ್ನು ಕದಲಿಸುವುದೇ ಇಲ್ಲ. ಫ್ಯೂಸ್ ಹೋಗಿದ್ದರೆ ಸದ್ದೂ ಬರುವುದಿಲ್ಲ. ಸರಿದು ಹಿಂದಿರುಗುತ್ತಿದೆ ಎಂದರೆ ಬೆರಳು ಸಿಕ್ಕಿಕೊಳ್ಳದಂತೆ ಕಾಯುವ ವ್ಯವಸ್ಥೆ ಏನೋ ಅಡ್ಡಿಯಿದೆ ಎಂದು ಭಾವಿಸಿದೆ. ಬ್ಯಾಟರಿ ಕಳಚಿದಾಗ ಗಾಜು ಎಲ್ಲಿದೆ ಎಂಬ ಲೆಕ್ಕ ಅಳಿಸಿಹೋಗಿರಬಹುದು, ಇಲ್ಲವೇ ಹಳಿಯಲ್ಲಿ ನಿಜವಾಗಿಯೂ ಕಸವಿರಬಹುದು.

ರಾಮನಗರ, ಮಾಗಡಿ, ಕನಕಪುರದ ಕಡೆ ಎರಡನೆಯದನ್ನು ಲಘುವಾಗಿ ಕಾಣಬಾರದು. ಮಾವು ಹೂ ಬಿಟ್ಟಾಗ ಜಿಗಿಹುಳು ಸುರಿಸುವ ಅಂಟಿನ ಮೇಲೆ ಕಲ್ಲುಗಣಿಯ ದೂಳು ಕೂತರೆ ಹಳಿ ಬಿಗಿಯುತ್ತದೆ. ಆದ್ದರಿಂದ ಮರದಡಿ ನಿಲ್ಲಿಸುವವರು ಮೊದಲು ಒದ್ದೆ ಬಟ್ಟೆಯಿಂದ ಹಳಿ ಒರೆಸಿ, ಒಣಗಿಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಲಿ. ಎಂಜಿನ್ ಆಯಿಲ್ ಸಾಲದೇ ಎನ್ನುವವರುಂಟು. ಅದು ದೂಳನ್ನು ಹಿಡಿದಿಡುತ್ತದೆ, ರಬ್ಬರನ್ನೂ ಕೆಡಿಸುತ್ತದೆ. ಬಳಿಕ ಎಂಜಿನ್ ಚಾಲೂ ಮಾಡಿ, ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಸ್ವಿಚ್ ಒತ್ತಿಹಿಡಿದು ಗಾಜಿನ ಸ್ಥಾನವನ್ನು ಮತ್ತೆ ಕಲಿಸಿ. ಆಗ ಯಾರ ಕೈಯೂ ಗಾಜಿನ ಬಳಿ ಇರಬಾರದು, ಮುಖ್ಯವಾಗಿ ಮಕ್ಕಳದು.

ಶೋರೂಮಿಗೇ ಕೊಟ್ಟರೆ ಕ್ಷೇಮವಲ್ಲವೇ ಎಂದೂ ಕೇಳಿದ್ದೀರಿ. ವಾರಂಟಿ ಇದ್ದರೆ ಖಂಡಿತ ಅಲ್ಲಿಗೇ ಹೋಗಿ. ಆದರೆ ಮೋಟಾರಿಗೆ ಕರೆಂಟ್ ಬರುತ್ತಿದೆಯೇ ಎಂದು ಮೀಟರ್ ಹಿಡಿದು ತೋರಿಸುವವರೆಗೆ ಹೊಸ ಮೋಟಾರಿಗೆ ಒಪ್ಪಬೇಡಿ. ಸನ್‌ರೂಫ್ ಮೂಲೆಗಳ ನೀರಿಳಿಯುವ ಕೊಳವೆಗೆ ತಂತಿ ತೂರಿಸಲೂ ಬಿಡಬೇಡಿ, ಕೊಳವೆ ಒಳಗೇ ಕಳಚಿಕೊಂಡರೆ ಮುಂದಿನ ಮಳೆಗೆ ಸೀಟು ನೆನೆಯುತ್ತದೆ.