ದಾಸೋಹದ ಪಂಕ್ತಿ ಮತ್ತು ಬೆಳೆಯುವ ಬಾಲಿಕೆಯರ ಆಹಾರ

ವಿದ್ಯಾಸಂಸ್ಥೆಯೊಂದರ ಶ್ರೇಯಸ್ಸನ್ನು ಅದರ ಕಟ್ಟಡಗಳಿಂದಲೂ ಪರೀಕ್ಷೆಯ ಫಲಿತಾಂಶಗಳಿಂದಲೂ ಅಳೆಯುವುದು ರೂಢಿ. ಇವೆರಡಕ್ಕಿಂತ ಮಿಗಿಲಾದ ಮೂರನೆಯ ಅಳತೆಗೋಲು ಒಂದುಂಟು. ಅದು ತರಗತಿಯಲ್ಲಿ ಕುಳಿತ ಮಕ್ಕಳ ಮೈಯಲ್ಲಿರುವ ರಕ್ತದ ಕಸುವು. ಬೆಳಗಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಕುಸಿಯುವ, ಮಧ್ಯಾಹ್ನದ ಪಾಠದಲ್ಲಿ ತೂಕಡಿಸುವ ಬಾಲಿಕೆಯನ್ನು ಸೋಮಾರಿಯೆಂದು ಗದರುವುದು ಸುಲಭ. ಅವಳ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಅದು ಬಿಳಿಚಿದೆಯೇ ಎಂದು ನೋಡುವ ಶಿಕ್ಷಕರು ವಿರಳ. ಆರೋಗ್ಯಶಿಕ್ಷಣವು ಆರಂಭವಾಗಬೇಕಾದುದು ಈ ನೋಟದಿಂದಲೇ.

ವಯಸ್ಸಿನ ಬೇಡಿಕೆ

ಹತ್ತರಿಂದ ಹದಿನೆಂಟು ವರ್ಷಗಳ ನಡುವಿನ ಅವಧಿಯಲ್ಲಿ ಹೆಣ್ಣುಮಗುವಿನ ಎತ್ತರ, ತೂಕ, ಎಲುಬಿನ ಗಟ್ಟಿತನಗಳು ವೇಗದಿಂದ ಹೆಚ್ಚುತ್ತವೆ. ಅದೇ ಕಾಲಕ್ಕೆ ಋತುಸ್ರಾವವೂ ಆರಂಭವಾಗಿ ಪ್ರತಿ ತಿಂಗಳೂ ಕಬ್ಬಿಣಾಂಶ ನಷ್ಟವಾಗುತ್ತದೆ. ಬೆಳವಣಿಗೆಯ ವೆಚ್ಚವೂ ಈ ನಷ್ಟವೂ ಕೂಡಿಬರುವುದರಿಂದ ಅವಳ ಆಹಾರದ ಅಗತ್ಯವು ಮನೆಯ ಹಿರಿಯರು ಊಹಿಸುವುದಕ್ಕಿಂತ ಹೆಚ್ಚಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ 13ರಿಂದ 15 ವರ್ಷದ ಬಾಲಿಕೆಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ, ಸುಮಾರು 43 ಗ್ರಾಂ ಸಸಾರಜನಕ ಮತ್ತು 1000 ಮಿಲಿಗ್ರಾಂ ಸುಣ್ಣಾಂಶ ದೊರೆಯಬೇಕು.

ಹನ್ನೆರಡು ವರ್ಷ ಮೀರಿದ ಬಾಲಿಕೆಯ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ಶೇಕಡಾ 59ರಷ್ಟು ಮಂದಿ ರಕ್ತಹೀನರೆಂದು ಕಂಡುಬಂದಿತು. ಅದೇ ವಯಸ್ಸಿನ ಹುಡುಗರಲ್ಲಿ ಈ ಪ್ರಮಾಣ ಶೇಕಡಾ 31. ಒಂದೇ ಮನೆಯ ಒಲೆಯ ಮೇಲೆ ಬೆಂದ ಅಡುಗೆಯನ್ನುಂಡವರಲ್ಲಿ ಇಷ್ಟು ಅಂತರವಿರುವುದಕ್ಕೆ ದೇಹಧರ್ಮವೊಂದೇ ಕಾರಣವಲ್ಲ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಹೆಣ್ಣುಮಕ್ಕಳು ಉಣ್ಣುವ ಪದ್ಧತಿಯೂ ಕಾರಣವಾಗಿದೆ.

ಈ ಸೀಮೆಯ ಊಟ

ನವಲಿ, ಕನಕಗಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶದ ಹಳೆಯ ಊಟವು ಬಡವರ ಊಟವಾದರೂ ಬರಿದಾದ ಊಟವಾಗಿರಲಿಲ್ಲ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ನವಣೆಯ ಅನ್ನ, ಮಡಿಕೆ ಮತ್ತು ಹೆಸರು ಕಾಳಿನ ಪಲ್ಯ, ಪುಂಡಿಪಲ್ಯ, ಗುರೆಳ್ಳು, ಅಗಸಿ ಮತ್ತು ಶೇಂಗಾ ಚಟ್ನಿಗಳು ಒಂದಕ್ಕೊಂದು ಪೂರಕವಾಗಿದ್ದವು. ತುಂಗಭದ್ರಾ ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿಯ ಸೀಮೆಯು ಭತ್ತದ ಕಣಜವಾಯಿತು. ಇದು ಹಸಿವನ್ನು ನೀಗಿಸಿದ ಮಹದುಪಕಾರವೇ ಸರಿ. ಆದರೆ ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಕಬ್ಬಿಣಾಂಶವು 1 ಮಿಲಿಗ್ರಾಂಗೂ ಕಡಿಮೆ. ಅಷ್ಟೇ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6 ಮಿಲಿಗ್ರಾಂಗೂ ಅಧಿಕ. ರೊಟ್ಟಿಯ ಸ್ಥಾನವನ್ನು ಬಿಳಿಯ ಅನ್ನ ಮತ್ತು ತೆಳುಸಾರು ಆಕ್ರಮಿಸಿದಲ್ಲಿ ಹೊಟ್ಟೆ ತುಂಬಿದರೂ ರಕ್ತ ತುಂಬುವುದಿಲ್ಲ.

ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಶರೀರವು ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಊಟದೊಡನೆ ನಿಂಬೆಹಣ್ಣಿನ ರಸ, ಪೇರಲ ಅಥವಾ ನೆಲ್ಲಿಕಾಯಿ ಇದ್ದರೆ 'ಸಿ' ಜೀವಸತ್ವದ ನೆರವಿನಿಂದ ಹೀರುವಿಕೆ ಹೆಚ್ಚುತ್ತದೆ. ಊಟದ ಬೆನ್ನಲ್ಲೇ ಕುಡಿದ ಚಹಾ ಅದನ್ನು ತಡೆಯುತ್ತದೆ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಅಡ್ಡಿಯಾಗುವ ಅಂಶವು ತಗ್ಗುತ್ತದೆ. ಮಡಿಕೆಕಾಳನ್ನು ಮೊಳಕೆ ಕಟ್ಟಿ ಪಲ್ಯ ಮಾಡುವ ಅಜ್ಜಿಯರ ಕ್ರಮದಲ್ಲಿ ಈ ಶಾಸ್ತ್ರವು ಅಡಗಿತ್ತು.

ಅಕ್ಷರ ದಾಸೋಹ ಮತ್ತು ಮೊಟ್ಟೆಯ ಪ್ರಶ್ನೆ

2002ರ ಜೂನ್ ತಿಂಗಳಲ್ಲಿ ರಾಜ್ಯದ ಬಿಸಿಯೂಟದ ಯೋಜನೆಯು ಕೊಪ್ಪಳವೂ ಸೇರಿದಂತೆ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾಯಿತು. ಅದಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟುದು ಶರಣಪರಂಪರೆಗೆ ಸಂದ ಗೌರವ. 2013ರಲ್ಲಿ ಕ್ಷೀರಭಾಗ್ಯದ ಹಾಲು ಕೂಡಿಕೊಂಡಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ನೀಡುವ ಕಾರ್ಯ ಮೊದಲಾಯಿತು. ಕೆಲವು ಮಠಾಧೀಶರು ಇದನ್ನು ವಿರೋಧಿಸಿದರು. ಆಗ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು, ಮೊಟ್ಟೆಯನ್ನು ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುವೆವು ಎಂಬರ್ಥದ ಮಾತನ್ನಾಡಿದುದು ನಾಡಿನಾದ್ಯಂತ ಕೇಳಿಬಂದಿತು. ಆ ಮಾತಿನಲ್ಲಿ ಒರಟುತನವನ್ನು ಕಂಡವರುಂಟು. ಆದರೆ ಹಸಿವನ್ನು ಅರಿತ ಮಗುವೊಂದು ದಾಸೋಹದ ಮನೆಯ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಅದು. ಪ್ರಶ್ನೆಗೆ ಕೋಪವು ಉತ್ತರವಾಗಲಾರದು. ಮುಂದೆ ಈ ಯೋಜನೆಯು ಇಡೀ ರಾಜ್ಯಕ್ಕೆ ವಿಸ್ತರಿಸಿ, 2023ರಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳನ್ನೂ ಒಳಗೊಂಡಿತು.

ಇಲ್ಲಿ ಲೆಕ್ಕವು ಸ್ಪಷ್ಟವಾಗಿರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವೂ 'ಬಿ12' ಜೀವಸತ್ವವೂ ಇವೆ. ಒಂದು ಬಾಳೆಹಣ್ಣಿನಲ್ಲಿರುವ ಸಸಾರಜನಕವು ಸುಮಾರು 1 ಗ್ರಾಂ ಮಾತ್ರ. 'ಬಿ12' ಇಲ್ಲವೇ ಇಲ್ಲ. ಆದಕಾರಣ ಇವೆರಡನ್ನೂ ಸಮವೆಂದು ಭಾವಿಸುವುದು ಸಸ್ಯಾಹಾರಿ ಮಗುವಿಗೇ ಮಾಡಿದ ಅನ್ಯಾಯವಾದೀತು. ಮೊಟ್ಟೆಯಲ್ಲಿ ಕಬ್ಬಿಣಾಂಶವು ಸುಮಾರು 1 ಮಿಲಿಗ್ರಾಂ ಮಾತ್ರವಿರುವುದರಿಂದ ಅದೊಂದರಿಂದಲೇ ರಕ್ತಹೀನತೆ ನೀಗುವುದೆಂಬ ನಂಬಿಕೆಯೂ ಸರಿಯಲ್ಲ. ತನ್ನ ಪಂಕ್ತಿಯಲ್ಲಿ ಮೊಟ್ಟೆಯನ್ನು ಬಡಿಸದ ಸಂಸ್ಥೆಯ ಮೇಲೆ ಹೆಚ್ಚಿನ ಹೊಣೆಯೊಂದು ಬೀಳುತ್ತದೆ. ಅದು ಸಮನಾದುದನ್ನು ಬಡಿಸುವ ಹೊಣೆ. ಸುಮಾರು 30 ಗ್ರಾಂ, ಎಂದರೆ ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಸಸಾರಜನಕವಿದೆ. 150 ಮಿಲಿಲೀಟರ್ ಹಾಲಿನಿಂದ ಸುಮಾರು 5 ಗ್ರಾಂ ದೊರೆಯುವುದಲ್ಲದೆ, ಸಸ್ಯಗಳಲ್ಲಿ ಸಿಗದ 'ಬಿ12' ಕೂಡ ದೊರೆಯುತ್ತದೆ. ಇವನ್ನು ನಿತ್ಯವೂ ನೀಡುವ ಶಾಲೆ ತನ್ನ ನಿಷ್ಠೆಯನ್ನೂ ಮಗುವಿನ ಆರೋಗ್ಯವನ್ನೂ ಒಟ್ಟಿಗೆ ಉಳಿಸಿಕೊಂಡೀತು. ಇವನ್ನು ನೀಡದೆ ನಿಷೇಧವನ್ನಷ್ಟೇ ಪಾಲಿಸಿದರೆ ಅದರ ಬೆಲೆಯನ್ನು ತೆರುವವಳು ಬಡವರ ಮನೆಯ ಬಾಲಿಕೆ.

ಶಾಲೆಯ ಕರ್ತವ್ಯ

ಆರೋಗ್ಯಪಾಠವು ಪುಸ್ತಕದ ಚಿತ್ರಕ್ಕೆ ಸೀಮಿತವಾಗಬಾರದು. ವಾರಕ್ಕೊಮ್ಮೆ ನೀಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಊಟದ ನಂತರ, ಶಿಕ್ಷಕರ ಎದುರಿನಲ್ಲಿಯೇ ನುಂಗಿಸಬೇಕು. ಮಾತ್ರೆಯಿಂದ ಮಲದ ಬಣ್ಣ ಕಪ್ಪಾಗುವುದು ಸಹಜವೆಂದು ಮೊದಲೇ ತಿಳಿಸಿದರೆ ಭಯದಿಂದ ಅದನ್ನು ಎಸೆಯುವುದು ತಪ್ಪುತ್ತದೆ. ಜಂತುಹುಳುವಿನ ಮಾತ್ರೆಯನ್ನು ವರ್ಷಕ್ಕೆರಡು ಸಲ ನೀಡಬೇಕು. ಬರಿಗಾಲಿನಲ್ಲಿ ನಡೆಯುವ ಮಕ್ಕಳಿಗೆ ಕೊಕ್ಕೆಹುಳು ತಗಲುವುದರಿಂದ ಪಾದರಕ್ಷೆಯೂ ಒಂದು ಔಷಧಿಯೇ. ಪ್ರತಿ ವರ್ಷದ ಎತ್ತರ ಮತ್ತು ತೂಕಗಳನ್ನು ಬರೆದಿಟ್ಟ ಪುಸ್ತಕವು ಅಂಕಪಟ್ಟಿಯಷ್ಟೇ ಮುಖ್ಯವೆನಿಸಬೇಕು. ಬಾಗಿಲು ಮತ್ತು ನೀರಿರುವ ಶೌಚಾಲಯವಿಲ್ಲದ ಕಡೆ ಬಾಲಿಕೆಯರು ದಿನವಿಡೀ ನೀರು ಕುಡಿಯುವುದನ್ನೇ ಬಿಡುತ್ತಾರೆ.

ಮುಟ್ಟಿನ ವಿಷಯದಲ್ಲಿಯೂ ಶರಣರ ಮಾರ್ಗವು ನಿಚ್ಚಳವಾಗಿದೆ. ಜನನ, ಮರಣ, ಜಾತಿ, ಎಂಜಲುಗಳೊಡನೆ ರಜಸ್ಸಿನ ಸೂತಕವನ್ನೂ ಅವರು ಅಲ್ಲಗಳೆದರು. ಹನ್ನೆರಡನೆಯ ಶತಮಾನದಲ್ಲಿ ತೊಡೆದುಹಾಕಿದ ಕಟ್ಟಳೆಯನ್ನು ಹಿಡಿದು ಇಂದಿಗೂ ಬಾಲಿಕೆಯನ್ನು ದೂರ ಕೂರಿಸುವುದು ಮತ್ತು ಅವಳ ಹಾಲು ಮೊಸರನ್ನು ತಡೆಯುವುದು ಪರಂಪರೆಗೇ ವಿರುದ್ಧ. ಅವಳಿಗೆ ಹೆಚ್ಚಿನ ಆಹಾರವು ಬೇಕಾದುದು ಆ ದಿನಗಳಲ್ಲಿಯೇ.

ಹದಿಹರೆಯದಲ್ಲಿ ರಕ್ತಹೀನಳಾಗಿ, ಎಳೆಯ ವಯಸ್ಸಿನಲ್ಲಿಯೇ ವಿವಾಹವಾದವಳ ಮಗು ಕಡಿಮೆ ತೂಕದಿಂದ ಹುಟ್ಟುವ ಸಂಭವ ಹೆಚ್ಚು. ಆ ಮಗುವೂ ಮುಂದೆ ಇದೇ ಶಾಲೆಯ ಬಾಗಿಲಿಗೆ ಬರುತ್ತದೆ. ಆದ್ದರಿಂದ ಒಬ್ಬ ಬಾಲಿಕೆಯ ತಟ್ಟೆಯನ್ನು ತುಂಬಿಸಿದವರು ಎರಡು ತಲೆಮಾರುಗಳನ್ನು ಪೋಷಿಸಿದಂತೆ. ಕೊಠಡಿಯ ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತುವುದು ಯೋಗ್ಯವೇ. ಆದರೆ ಮೂಟೆ ಶೇಂಗಾ, ಚೀಲ ಸಜ್ಜೆ, ಶಾಲೆಯ ಅಂಗಳದಲ್ಲಿ ನೆಟ್ಟ ನುಗ್ಗೆ ಮತ್ತು ನಿಂಬೆಯ ಸಸಿಗಳು ಹೆಸರು ಕೆತ್ತಿಸಿಕೊಳ್ಳದೆಯೂ ಫಲ ಕೊಡುವ ದಾನಗಳು. ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ದಾನಿಗಳು ಕೂಡಿ ಇಷ್ಟನ್ನು ನಡೆಸಿಕೊಟ್ಟರೆ ದಾಸೋಹವೆಂಬ ಮಾತು ಅನ್ವರ್ಥವಾದೀತು.