ಆಟಗಾರನ ಸಂಬಳವನ್ನು ತೂಗುವ ಬಗೆ

ಎಂಟನೆಯ ತರಗತಿಯಲ್ಲಿ ಶೇಕಡಾ ಲೆಕ್ಕವನ್ನು ಬೋಧಿಸುತ್ತಿದ್ದ ಒಂದು ದಿನ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ಕೆನಡದ ಹಾಕಿ ಆಟಗಾರರೊಬ್ಬರಿಗೆ ವರ್ಷಕ್ಕೆ ಒಂದು ಕೋಟಿ ಇಪ್ಪತ್ತಾರು ಲಕ್ಷ ಡಾಲರ್ ಸಂಬಳವಂತೆ. ಇದು ನ್ಯಾಯವೇ?” ಎಂದು ಕೇಳಿದನು. “ಲೆಕ್ಕ ಮಾಡಿ ನೋಡೋಣ” ಎಂದೆವು. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಆಟದ ಪರಿಚಯ. ನಾವು ಬಯಲಿನಲ್ಲಿ ಆಡುವ ಹಾಕಿ ಬೇರೆ. ಕೆನಡ ಮತ್ತು ಅಮೆರಿಕ ದೇಶಗಳಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಆಟ. ಕಾಲಿಗೆ ಸ್ಕೇಟು, ಚೆಂಡಿನ ಬದಲಿಗೆ ಗಟ್ಟಿ ರಬ್ಬರಿನ ಬಿಲ್ಲೆ. ಗೋಲು ಹೊಡೆದವರಿಗೆ ಒಂದು ಪಾಯಿಂಟು. ಬಿಲ್ಲೆಯನ್ನು ಒದಗಿಸಿಕೊಟ್ಟ ಜೊತೆಗಾರರಿಗೂ, ಇಬ್ಬರಿಗೆ ಮೀರದಂತೆ, ಒಂದೊಂದು ಪಾಯಿಂಟು. ಈ ಆಟದ ಅತ್ಯುನ್ನತ ಸ್ಪರ್ಧೆ ನ್ಯಾಷನಲ್ ಹಾಕಿ ಲೀಗಿನದು. ಅಲ್ಲಿ ಒಂದು ತಂಡವು ವರ್ಷಕ್ಕೆ ಸಾಮಾನ್ಯವಾಗಿ ೮೨ ಪಂದ್ಯಗಳನ್ನು ಆಡುತ್ತಿತ್ತು.

ಮಾಲೀಕರಿಗೂ ಆಟಗಾರರಿಗೂ ಸಂಬಳದ ವಿಷಯದಲ್ಲಿ ಒಮ್ಮತವಾಗದೆ ೨೦೦೪-೦೫ರಲ್ಲಿ ಅಲ್ಲಿ ಇಡೀ ವರ್ಷದ ಆಟವೇ ನಿಂತುಹೋಯಿತು. ಆ ಬಳಿಕ ಪ್ರತಿಯೊಂದು ತಂಡದ ಒಟ್ಟು ಸಂಬಳಕ್ಕೂ ಒಂದು ಮೇಲ್ಮಿತಿಯನ್ನು ಗೊತ್ತುಮಾಡಿದರು. ೨೦೦೫-೦೬ರಲ್ಲಿ ಅದು ೩ ಕೋಟಿ ೯೦ ಲಕ್ಷ ಡಾಲರ್ ಇದ್ದಿತು. ಒಂದೇ ಪಾತ್ರೆಯ ಅನ್ನವನ್ನು ಇಪ್ಪತ್ತಕ್ಕೂ ಮಿಕ್ಕಿದ ಮಂದಿ ಹಂಚಿಕೊಂಡ ಹಾಗೆ ಇದು. ಒಬ್ಬರ ಎಲೆಗೆ ಹೆಚ್ಚು ಬಿದ್ದರೆ ಇನ್ನೊಬ್ಬರ ಎಲೆಯಲ್ಲಿ ಕಡಿಮೆಯಾಗಲೇಬೇಕು. ಆದುದರಿಂದ ಮೊತ್ತವನ್ನು ಕಂಡು ಬೆರಗಾಗುವುದಕ್ಕಿಂತ ಪಾಲನ್ನು ಲೆಕ್ಕಹಾಕುವುದು ಮೇಲು.

ಕೊಲರಾಡೊ ಅವಲಾಂಚ್ ತಂಡದ ನೇಥನ್ ಮೆಕಿನನ್ ಅವರ ಕರಾರನ್ನು ನೋಡೋಣ. ೨೦೧೬ರ ಜುಲೈಯಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಅವರು ಏಳು ವರ್ಷಗಳ ಕರಾರಿಗೆ ಸಹಿ ಹಾಕಿದರು. ವರ್ಷಕ್ಕೆ ಸರಾಸರಿ ೬೩ ಲಕ್ಷ ಡಾಲರ್. ಆಗಿನ ಮೇಲ್ಮಿತಿ ೭ ಕೋಟಿ ೩೦ ಲಕ್ಷ. ಅವರ ಪಾಲು ಶೇಕಡಾ ೮.೬. ಮೊದಲ ವರ್ಷ ಅವರು ಗಳಿಸಿದ್ದು ೫೩ ಪಾಯಿಂಟು. ತಂಡವು ಲೀಗಿನ ಮೂವತ್ತು ತಂಡಗಳಲ್ಲಿ ಕೊನೆಯದಾಯಿತು. ಒಂದು ಪಾಯಿಂಟಿಗೆ ಸುಮಾರು ೧,೧೮,೯೦೦ ಡಾಲರ್ ಬಿದ್ದಂತಾಯಿತು. ಆ ದಿನ ತೀರ್ಪು ಬರೆಯಲು ಕುಳಿತವನು ‘ದುಬಾರಿ’ ಎಂದೇ ಬರೆಯುತ್ತಿದ್ದನು.

ಮರುವರ್ಷ ಅದೇ ಆಟಗಾರರು, ಅದೇ ಸಂಬಳಕ್ಕೆ, ೭೪ ಪಂದ್ಯಗಳಲ್ಲಿ ೯೭ ಪಾಯಿಂಟು ಗಳಿಸಿದರು. ಪಾಯಿಂಟಿನ ಬೆಲೆ ಸುಮಾರು ೬೪,೯೦೦ಕ್ಕೆ ಇಳಿಯಿತು. ಆ ಕರಾರು ಮುಗಿಯುವ ಮೊದಲೇ, ೨೦೨೨ರಲ್ಲಿ, ತಂಡವು ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು.

ವಿದ್ಯಾರ್ಥಿಯು ಕೇಳಿದ ೧ ಕೋಟಿ ೨೬ ಲಕ್ಷ ಇವರ ಎರಡನೆಯ ಕರಾರಿನ ಮೊತ್ತ. ಅದು ಜಾರಿಗೆ ಬಂದ ೨೦೨೩-೨೪ರಲ್ಲಿ ಅವರು ೧೪೦ ಪಾಯಿಂಟು ಗಳಿಸಿ, ಅತ್ಯಂತ ಮೌಲ್ಯಶಾಲಿ ಆಟಗಾರರಿಗೆ ಸಲ್ಲುವ ಹಾರ್ಟ್ ಪಾರಿತೋಷಕವನ್ನು ಪಡೆದರು. ಪಾಯಿಂಟಿಗೆ ಸರಿಯಾಗಿ ೯೦,೦೦೦ ಡಾಲರ್. ಸಂಬಳ ಇಮ್ಮಡಿಯಾದರೂ ಪಾಯಿಂಟಿನ ಬೆಲೆ ಹಿಂದಿನ ಕರಾರಿನ ಮೊದಲ ವರ್ಷದ್ದಕ್ಕಿಂತ ಕಡಿಮೆ. ಮೇಲ್ಮಿತಿ ೮ ಕೋಟಿ ೩೫ ಲಕ್ಷವಾಗಿದ್ದ ಆ ವರ್ಷ ಅವರ ಪಾಲು ಶೇಕಡಾ ೧೫.೧, ಮೇಲ್ಮಿತಿ ೯ ಕೋಟಿ ೫೫ ಲಕ್ಷಕ್ಕೇರಿದ ೨೦೨೫-೨೬ರಲ್ಲಿ ಅದೇ ಸಂಬಳ ಶೇಕಡಾ ೧೩.೨ ಆಯಿತು.

ಆದರೆ ಪಾಯಿಂಟೊಂದೇ ಅಳತೆಗೋಲಲ್ಲ. ರಕ್ಷಣೆಯ ಆಟಗಾರನು ತಡೆದ ಗೋಲು ಪಾಯಿಂಟುಗಳ ಪಟ್ಟಿಯಲ್ಲಿ ಕಾಣಿಸದು. ಗೋಲ್‌ಕೀಪರನನ್ನು, ತನ್ನೆಡೆಗೆ ಬಂದ ನೂರು ಹೊಡೆತಗಳಲ್ಲಿ ಎಷ್ಟನ್ನು ತಡೆದನೆಂಬುದರಿಂದ ಅಳೆಯಬೇಕು. ಅಂತಹ ಗೋಲ್‌ಕೀಪರರೊಬ್ಬರು ರಿಕ್ ಡಿಪಿಯೆಟ್ರೊ. ೨೦೦೬ರಲ್ಲಿ ನ್ಯೂಯಾರ್ಕ್ ಐಲೆಂಡರ್ಸ್ ತಂಡವು ಅವರೊಡನೆ ೧೫ ವರ್ಷಗಳಿಗೆ ೬ ಕೋಟಿ ೭೫ ಲಕ್ಷ ಡಾಲರಿನ ಕರಾರು ಮಾಡಿಕೊಂಡಿತು. ಮುಂದೆ ಪೆಟ್ಟಿನ ಮೇಲೆ ಪೆಟ್ಟು. ಕೊನೆಯ ಐದು ವರ್ಷಗಳಲ್ಲಿ ಅವರು ಆಡಲಾದದ್ದು ೫೦ ಪಂದ್ಯ ಮಾತ್ರ. ೨೦೧೩ರಲ್ಲಿ ತಂಡವು ಅವರನ್ನು ಬಿಡುಗಡೆ ಮಾಡಿತು; ಆದರೂ ೨೦೨೯ರವರೆಗೆ ವರ್ಷಕ್ಕೆ ೧೫ ಲಕ್ಷ ಡಾಲರ್ ಕೊಡುವ ಹೊಣೆ ಅದರ ತಲೆಯ ಮೇಲೆ ಉಳಿಯಿತು. ಇಲ್ಲಿ ತಪ್ಪು ಆಟಗಾರರದ್ದಲ್ಲ. ಮನುಷ್ಯದೇಹಕ್ಕೆ ಹದಿನೈದು ವರ್ಷಗಳ ಭರವಸೆ ಬರೆದುಕೊಟ್ಟವರದು.

ಇಷ್ಟರಿಂದ ನಾಲ್ಕು ಪ್ರಶ್ನೆಗಳು ಏರ್ಪಡುತ್ತವೆ. ಆಟಗಾರನಿಗೆ ವಹಿಸಿದ ಕೆಲಸ ಯಾವುದು? ಒಟ್ಟು ಹಣದಲ್ಲಿ ಆತನ ಪಾಲೆಷ್ಟು? ಕರಾರಿನ ಅವಧಿಯಲ್ಲಿ ಆತನ ವಯಸ್ಸು ಏರುವ ಕಾಲವೋ ಇಳಿಯುವ ಕಾಲವೋ? ತೀರ್ಪು ನೀಡುವವರು ಎಷ್ಟು ವರ್ಷಗಳನ್ನು ನೋಡಿದ್ದಾರೆ? ಕೊನೆಯ ಪ್ರಶ್ನೆಯನ್ನು ಮರೆತರೆ ಮಿಕ್ಕ ಮೂರೂ ವ್ಯರ್ಥ.

ಇದನ್ನು ಪರದೇಶದ ಆಟದ ಸುದ್ದಿಯೆಂದು ಬದಿಗಿಡಲು ನಮ್ಮಿಂದಾಗದು. ನಮ್ಮ ಸಂಘವು ಕೊಡುವ ವಿದ್ಯಾರ್ಥಿವೇತನವೂ ಒಂದು ಬಗೆಯ ಕರಾರೇ. ಅದಕ್ಕೂ ಹಂಚಬೇಕಾದ ಪಾತ್ರೆ ಒಂದೇ, ಎಲೆಗಳು ಹಲವು. ಕೆಲವು ವರ್ಷಗಳ ಹಿಂದೆ ಹುಡುಗನೊಬ್ಬನ ಅಂಕಗಳು ಒಂದು ವರ್ಷ ಇಳಿದವೆಂದು ಅವನ ವೇತನವನ್ನು ನಿಲ್ಲಿಸಲು ಶಿಫಾರಸು ಮಾಡಿದವರು ನಾವೇ. ಆ ವರ್ಷ ಅವನ ತಂದೆ ಹಾಸಿಗೆ ಹಿಡಿದಿದ್ದರು. ಹೊಲದ ಕೆಲಸ ಹುಡುಗನ ಮೇಲೆ ಬಿದ್ದಿತ್ತು. ಇದು ನಮಗೆ ತಿಳಿಯುವ ಹೊತ್ತಿಗೆ ಅವನು ಶಾಲೆಯನ್ನು ಬಿಟ್ಟಾಗಿತ್ತು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಖಾಲಿಯಾದ ಒಂದು ಸ್ಥಾನವು ಮತ್ತೆ ತುಂಬುವುದು ಸುಲಭವಲ್ಲ. ನಾವು ನೋಡಿದ್ದು ೫೩ರ ವರ್ಷವನ್ನು. ೯೭ರ ವರ್ಷ ಬರುವವರೆಗೆ ಕಾಯಲಿಲ್ಲ.

ಆದಕಾರಣ ಇನ್ನು ಮುಂದೆ ಒಂದು ಪರೀಕ್ಷೆಯ ಅಂಕಗಳಿಂದ ಯಾರ ವೇತನವನ್ನೂ ನಿಲ್ಲಿಸಬಾರದು, ಕಡಮೆಯೆಂದರೆ ಮೂರು ವರ್ಷಗಳ ಅಂಕಗಳನ್ನೂ ಮನೆಯ ಪರಿಸ್ಥಿತಿಯನ್ನೂ ವಿಚಾರಿಸಬೇಕು ಎಂದು ಸಂಘದ ಆಡಳಿತ ಮಂಡಳಿಯಲ್ಲಿ ಈ ಮೂಲಕ ವಿನಂತಿಸಿಕೊಳ್ಳುತ್ತೇವೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೂ ನಮ್ಮ ಉತ್ತರ ಇದೇ. ತಕ್ಕಡಿ ನೆಟ್ಟಗಿದ್ದರೆ ಸಾಲದು. ತೂಗುವವನಿಗೆ ತಾಳ್ಮೆಯೂ ಇರಬೇಕು.